ಮೊದಲು ನೀರು, ಆಮೇಲೆ ವಿಠ್ಠಲ

ಎಲ್ಲರಿಗೂ ನಮಸ್ಕಾರ. ಭಕ್ತಿಯ ಬಗ್ಗೆ ಮಾತಾಡ್ತೀನಿ ಅಂತ ಬಂದಿದ್ದರೆ ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಇವತ್ತು ನಾನು ಜಾಸ್ತಿ ಮಾತಾಡುವುದು ನೀರಿನ ಬಗ್ಗೆ, ಮೂತ್ರದ ಬಗ್ಗೆ. ಮುಂದಿನ ಸಾಲಿನವರು ನಗುತ್ತಿದ್ದೀರಿ. ನಗಿ, ಪರವಾಗಿಲ್ಲ. ಆದರೆ ನಿಮ್ಮಲ್ಲಿ ಎಷ್ಟು ಜನ ಬಸ್ ಹತ್ತುವ ದಿನ ಬೆಳಗ್ಗೆಯಿಂದ ನೀರು ಮುಟ್ಟುವುದಿಲ್ಲ, ಹೇಳಿ ನೋಡೋಣ?

66ನೇ ವಯಸ್ಸಿನಲ್ಲಿ ನಾನು ಪುಣೆ ಹತ್ತಿರದ ಆಳಂದಿಯಿಂದ ಪಂಢರಾಪುರಕ್ಕೆ ವಾರಿ ನಡೆದೆ. ವಾರಿ ಅಂದರೆ ವಿಠ್ಠಲನ ಊರಿಗೆ ಕಾಲ್ನಡಿಗೆಯ ಯಾತ್ರೆ. ಸಂತ ಜ್ಞಾನೇಶ್ವರ ಮಹಾರಾಜರ ಪಾದುಕೆಗಳ ಪಲ್ಲಕ್ಕಿಯ ಜೊತೆ, ಸುಮಾರು 250 ಕಿಲೋಮೀಟರ್, ಹತ್ತಿರಹತ್ತಿರ ಮೂರು ವಾರ. ಮನೆಯಲ್ಲಿ ಹೇಳಿದಾಗ ಮಗ ಒಂದು ಒಳ್ಳೆಯ ವಾದ ಹೂಡಿದ. "ಅವ್ವ, 2020ರಲ್ಲಿ ಕೊರೋನಾ ಬಂದಾಗ ಆ ಪಾದುಕೆಗಳೇ ಬಸ್ಸಲ್ಲಿ ಹೋದವು. ಜ್ಞಾನೇಶ್ವರರೇ ಬಸ್ ಹತ್ತಿದ ಮೇಲೆ ನಿನಗೇನು ಕಷ್ಟ?" ನನಗೆ ಉತ್ತರ ಹೊಳೆಯಲಿಲ್ಲ. ಸುಮ್ನೆ ಚೀಲ ತುಂಬಿದೆ.

ನಮ್ಮ ಕಡೆಯವರಿಗೆ ಈ ವಾರಿ ಹೊಸದೇನಲ್ಲ. ಪಲ್ಲಕ್ಕಿಯ ಮುಂದೆ ಓಡುವ ಕುದುರೆಗಳು ಬರುವುದೇ ಬೆಳಗಾವಿ ಜಿಲ್ಲೆಯ ಅಂಕಲಿಯ ಶಿತೋಳೆ ಮನೆತನದಿಂದ. ಹೈಬತಬಾಬಾ ಅನ್ನುವವರು 19ನೇ ಶತಮಾನದಲ್ಲಿ ಈ ಪಲ್ಲಕ್ಕಿಗೆ ಈಗಿನ ರೂಪ ಕೊಟ್ಟಾಗಿನಿಂದ ನಡೆದುಬಂದ ನಂಟು ಇದು. ಒಂದು ಕುದುರೆಯ ಮೇಲೆ ಪತಾಕೆ ಹಿಡಿದ ಸವಾರ ಇರುತ್ತಾನೆ. ಇನ್ನೊಂದರ ಬೆನ್ನು ಖಾಲಿ. ಅದರ ಮೇಲೆ ಸ್ವತಃ ಮಾವುಲಿ ಕೂತಿದ್ದಾರೆ ಅಂತ ನಂಬಿಕೆ. ಮಾವುಲಿ ಅಂದರೆ ತಾಯಿ. ಜ್ಞಾನೇಶ್ವರರನ್ನು ಹಾಗೆ ಕರೆಯುತ್ತಾರೆ. ಆದರೆ ದಾರಿಯಲ್ಲಿ ಎಲ್ಲರೂ ಎಲ್ಲರಿಗೂ ಮಾವುಲಿಯೇ. ಪೊಲೀಸ್ ಮಾವುಲಿ, ಚಹಾದವನು ಮಾವುಲಿ, ಕಾಲು ತುಳಿದವನೂ ಮಾವುಲಿ.

ಒಂಟಿಯಾಗಿ ನಡೆಯುವುದು ಕಷ್ಟ, ಅದಕ್ಕೇ ಯಾವುದಾದರೂ ದಿಂಡಿಗೆ ಸೇರಬೇಕು. ದಿಂಡಿ ಅಂದರೆ ಒಟ್ಟಿಗೆ ನಡೆಯುವ ತಂಡ. ಮೊದಲೇ ಹಣ ಕಟ್ಟಿದರೆ ಊಟ, ಡೇರೆ ಅವರದು. ಹಾಸಿಗೆ, ಬಟ್ಟೆ ಲಾರಿಯಲ್ಲಿ ಬರುತ್ತವೆ. ನಮ್ಮ ಹೆಗಲ ಮೇಲೆ ಒಂದು ಸಣ್ಣ ಚೀಲ ಅಷ್ಟೇ. ಬೆಳಗ್ಗೆ ಮೂರಕ್ಕೆಲ್ಲ ಎದ್ದು ಟ್ಯಾಂಕರ್ ಹತ್ತಿರ ಸ್ನಾನ. ಕತ್ತಲಿರುವಾಗಲೇ ಮುಗಿಸಬೇಕು, ಹೆಂಗಸರಂತೂ. ಅಂದಹಾಗೆ, ಎಲ್ಲರೂ ಸಮಾನ ಅಂತ ಹಾಡುತ್ತಾ ನಡೆಯುವ ನಮ್ಮ ದಿಂಡಿಯಲ್ಲೂ ಸಂಜೆ ಚಪಾತಿ ಲಟ್ಟಿಸಲು ಮಾತ್ರ ನಮ್ಮನ್ನೇ ಕರೆಯುತ್ತಿದ್ದರು. ಎರಡು ದಿನ ಹೋದೆ. ಮೂರನೇ ದಿನ ಕಾಲು ನೋವು ಅಂತ ಮಲಗಿಬಿಟ್ಟೆ.

ಈಗ ನನ್ನ ತಪ್ಪಿಗೆ ಬರುತ್ತೇನೆ.

ಪುಣೆ ಬಿಟ್ಟ ದಿನ ಸಾಸವಡದವರೆಗೆ ನಡೆಯಬೇಕು. ಸುಮಾರು 30 ಕಿಲೋಮೀಟರ್, ಇಡೀ ವಾರಿಯಲ್ಲಿ ಅದೇ ಕಠಿಣ ದಿನ. ಮಧ್ಯದಲ್ಲಿ ದಿವೆ ಘಾಟ್ ಹತ್ತಬೇಕು. ತಿಂಗಳುಗಟ್ಟಲೆ ನಡೆದು ಅಭ್ಯಾಸ ಮಾಡಿದ್ದೆ, ಮೊಣಕಾಲಿಗೆ ಪಟ್ಟಿ ತಂದಿದ್ದೆ. ಎಲ್ಲರೂ ಮೊಣಕಾಲಿನ ಬಗ್ಗೆಯೇ ಹೆದರಿಸಿದ್ದರು. ಆದರೆ ಅಷ್ಟು ಜನರ ನಡುವೆ ಎಲ್ಲಿಗೆ ಹೋಗೋದು ಅನ್ನುವ ಚಿಂತೆಯಲ್ಲಿ ಬೆಳಗ್ಗೆಯಿಂದ ಅರ್ಧ ಲೋಟ ಚಹಾ ಬಿಟ್ಟರೆ ಏನೂ ಕುಡಿದಿರಲಿಲ್ಲ. ಬಿಪಿ ಮಾತ್ರೆ ಬೇರೆ ನುಂಗಿದ್ದೆ. ನನ್ನ ಮಾತ್ರೆ ಮೈಯ ನೀರನ್ನು ಹೊರಗೆ ಹಾಕುವ ಜಾತಿಯದು. ಘಾಟಿನ ಅರ್ಧದಲ್ಲಿ ಕಣ್ಣು ಕತ್ತಲೆ ಬಂತು. ರಸ್ತೆ ಬದಿಯ ಗೋಡೆಗೆ ಒರಗಿದ್ದು ನೆನಪಿದೆ. ಮೊಣಕಾಲು ಪಾಪ, ಚೆನ್ನಾಗೇ ಇತ್ತು.

ಕಣ್ಣು ಬಿಟ್ಟಾಗ ಪಕ್ಕದಲ್ಲಿ ಒಬ್ಬ ಅಜ್ಜಿ. ಲಾತೂರ್ ಕಡೆಯವರು, ಎಪ್ಪತ್ತೈದು ದಾಟಿರಬೇಕು. ನಮ್ಮದೇ ದಿಂಡಿ, ಆದರೆ ಅಲ್ಲಿಯವರೆಗೆ ಮಾತಾಡಿರಲಿಲ್ಲ. ತಲೆಯ ಮೇಲೆ ಹೊತ್ತಿದ್ದ ಪುಟ್ಟ ತುಳಸಿ ಕಟ್ಟೆಯನ್ನು ಇನ್ನೊಬ್ಬಳ ಕೈಗೆ ಕೊಟ್ಟು ನನ್ನ ಮುಖಕ್ಕೆ ನೀರು ಹಾಕಿದರು. ನಾನು "ವಿಠ್ಠಲ, ವಿಠ್ಠಲ" ಅಂದೆನಂತೆ. ಅವರು ಗದರಿದರು: "ಆಧೀ ಪಾಣೀ ಪೀ, ಮಗ ವಿಠ್ಠಲ." ಮೊದಲು ನೀರು ಕುಡಿ, ಆಮೇಲೆ ವಿಠ್ಠಲ.

ಯಾಕೆ ಕುಡಿದಿಲ್ಲ ಅಂತ ಅವರು ಕೇಳಲೇ ಇಲ್ಲ. ಗೊತ್ತಿತ್ತು. ಮಾರನೇ ದಿನದಿಂದ ನನ್ನನ್ನು ತಮ್ಮ ಗುಂಪಿಗೆ ಸೇರಿಸಿಕೊಂಡರು. ಆರೇಳು ಹೆಂಗಸರು. ಈಗ ದಾರಿಯುದ್ದಕ್ಕೂ ಸರ್ಕಾರ ತಾತ್ಕಾಲಿಕ ಶೌಚಾಲಯ ಇಡುತ್ತದೆ, ನಿಜ. ಆದರೆ ಬೇಕಾದಾಗ ಅದು ಒಂದು ಮೈಲಿ ಹಿಂದೆ ಇರುತ್ತದೆ, ಅಲ್ವಾ? ಆಗ ಇವರು ಕಬ್ಬಿನ ಗದ್ದೆಯ ಬದಿಯಲ್ಲಿ ಬೆನ್ನು ತಿರುಗಿಸಿ ಸುತ್ತ ನಿಂತು, ಒಂದು ಹಳೆಯ ಸೀರೆಯನ್ನು ಗೋಡೆಯ ಹಾಗೆ ಹಿಡಿಯುತ್ತಿದ್ದರು. ಒಬ್ಬರಾದ ಮೇಲೆ ಒಬ್ಬರು. ಬಾಯಲ್ಲಿ ಹಾಡು ನಿಲ್ಲುತ್ತಿರಲಿಲ್ಲ. ನಾನು ಮೂವತ್ತು ವರ್ಷ ಶಾಲೆಯಲ್ಲಿ ಪಾಠ ಮಾಡಿದವಳು. ಎರಡನೇ ಗಂಟೆಯಿಂದ ನಾಲ್ಕನೇ ಗಂಟೆಯವರೆಗೆ ತಡೆದುಕೊಂಡೇ ಕಾಲ ಕಳೆದೆ. ಆ ಸೀರೆಯ ಗೋಡೆಯ ಹಿಂದೆ ಕೂತಾಗ ನನಗೆ ಅಳು ಬಂತು. ಯಾಕೆ ಅಂತ ಈಗಲೂ ಸರಿಯಾಗಿ ಹೇಳಲಾರೆ.

ವೈದ್ಯರು ಹೇಳುವ ಮಾತೊಂದಿದೆ. ವಯಸ್ಸಾದಂತೆ ಬಾಯಾರಿಕೆಯೇ ಗೊತ್ತಾಗುವುದು ಕಡಿಮೆ. ಮುಟ್ಟು ನಿಂತ ಮೇಲೆ ಮೂತ್ರದ ಸೋಂಕೂ ಬೇಗ ತಗಲುತ್ತದೆ. ಅದಕ್ಕೇ ಬಾಯಾರಿದಾಗ ಕುಡಿಯೋಣ ಅಂತ ಕೂರಬೇಡಿ. ಮಾತ್ರೆಯ ವಿಷಯ ಹೊರಡುವ ಮೊದಲೇ ನಿಮ್ಮ ಡಾಕ್ಟರ್ ಹತ್ತಿರ ಮಾತಾಡಿ. ನೀವೇ ನಿಲ್ಲಿಸಬೇಡಿ ಮತ್ತೆ. ಬೂಟು ಸಂಜೆ ಹೊತ್ತು ಕೊಳ್ಳಿ, ಆಗ ಪಾದ ಊದಿರುತ್ತದೆ. ಸಕ್ಕರೆ ಕಾಯಿಲೆ ಇದ್ದವರು ಹರಕೆ ಅಂತ ಬರಿಗಾಲಲ್ಲಿ ನಡೆಯಬೇಡಿ. ಮುಳ್ಳು ಚುಚ್ಚಿದ್ದೂ ಗೊತ್ತಾಗದೆ ಹೋಗಬಹುದು. ಇಷ್ಟು ಸಾಕು, ಉಳಿದಿದ್ದು ರಸ್ತೆ ಕಲಿಸುತ್ತದೆ.

ಇನ್ನೊಂದು ಸಂಗತಿ ಹೇಳಲೇಬೇಕು. ಸಂಜೆ ಬಿಡಾರಕ್ಕೆ ಬಂದಾಗ ಸಮಾಜ ಆರತಿ ಇರುತ್ತದೆ. ದಿಂಡಿಗಳೆಲ್ಲ ಪಲ್ಲಕ್ಕಿಯ ಸುತ್ತ ಸೇರುತ್ತವೆ. ಪಲ್ಲಕ್ಕಿಯ ಶಿಸ್ತು ನೋಡಿಕೊಳ್ಳುವ ಚೋಪದಾರ ಬೆತ್ತ ಎತ್ತುತ್ತಾನೆ. ಆ ಕ್ಷಣಕ್ಕೆ ಸಾವಿರಾರು ತಾಳಗಳು ನಿಂತುಬಿಡುತ್ತವೆ. ಯಾವುದಾದರೂ ದಿಂಡಿಗೆ ದೂರು ಇದ್ದರೆ ಅವರು ಮಾತ್ರ ತಾಳ ಬಡಿಯುತ್ತಲೇ ಇರುತ್ತಾರೆ. ಚೋಪದಾರ ಅಲ್ಲಿಗೇ ಹೋಗಿ ಏನಾಯ್ತು ಅಂತ ಕೇಳಬೇಕು. ಕಳೆದುಹೋದ ವಸ್ತುಗಳ ಪಟ್ಟಿಯನ್ನೂ ಅಲ್ಲೇ ಓದುತ್ತಾರೆ.

ದಾರಿಯ ಊರು ಲೋಣಂದ ದಾಟಿದ ಮೇಲೆ ಒಂದು ದಿನ ನಮ್ಮ ಡೇರೆಯ ಹೆಂಗಸರ ಕಡೆಗೆ ನೀರಿನ ಟ್ಯಾಂಕರ್ ಬರಲೇ ಇಲ್ಲ. ಗಂಡಸರು "ಹೋಗಲಿ ಬಿಡಿ" ಅಂದರು. ಅಜ್ಜಿ ಬಿಡಲಿಲ್ಲ. ನಮ್ಮ ದಿಂಡಿಯ ಹಿರಿಯರನ್ನು ಹಿಡಿದು ಕೂರಿಸಿ ಒಪ್ಪಿಸಿದರು. ಆ ಸಂಜೆ ಬೆತ್ತ ಮೇಲೆದ್ದಾಗ ಇಡೀ ಮೈದಾನ ಸ್ತಬ್ಧ, ನಮ್ಮ ತಾಳ ಮಾತ್ರ ಟಿಣ್ ಟಿಣ್ ಅನ್ನುತ್ತಿದೆ. ನನ್ನ ಎದೆ ಡವಡವ. ಸ್ಟಾಫ್ ಮೀಟಿಂಗಿನಲ್ಲಿ ಒಂದು ದಿನವೂ ಬಾಯಿ ಬಿಡದವಳು ನಾನು. ಮಾರನೇ ಬೆಳಗ್ಗೆ ಟ್ಯಾಂಕರ್ ಬಂತು.

ಪಂಢರಾಪುರದಲ್ಲಿ ನಾನು ಗರ್ಭಗುಡಿಗೆ ಹೋಗಲಿಲ್ಲ. ಆಷಾಢ ಏಕಾದಶಿಯ ಸರದಿ ಒಂದು ದಿನಕ್ಕೆ ಮುಗಿಯುವಂಥದ್ದಲ್ಲ. ಚಂದ್ರಭಾಗೆಯಲ್ಲಿ ಮಿಂದು, ಗುಡಿ ಬಾಗಿಲಲ್ಲಿ ಸಂತ ನಾಮದೇವರ ಹೆಸರಿನ ಮೆಟ್ಟಿಲಿಗೆ ದೂರದಿಂದ ಕೈ ಮುಗಿದು, ಗೋಪುರದ ಕಳಸ ನೋಡಿದೆ. ವಾರಿ ನಡೆಯುವ ಎಷ್ಟೋ ವಾರಕರಿಗಳು ಹಾಗೇ ಮಾಡುತ್ತಾರೆ. ಕಳಸ ಕಂಡರೆ ದರ್ಶನ ಆದಂತೆಯೇ. ಮಗ ಫೋನಿನಲ್ಲಿ "ಅಷ್ಟು ನಡೆದು ದೇವರನ್ನೇ ನೋಡಲಿಲ್ವಾ?" ಅಂತ ಕೇಳಿದ. ಅದಕ್ಕೂ ಉತ್ತರ ಹೊಳೆಯಲಿಲ್ಲ.

ಅಜ್ಜಿ ಪಂಢರಾಪುರಕ್ಕೆ ಮುಂಚಿನ ವಾಖರಿಯಲ್ಲೇ ಜನರ ನಡುವೆ ತಪ್ಪಿಹೋಗಿದ್ದರು. ಎಲ್ಲ ಸಂತರ ಪಲ್ಲಕ್ಕಿಗಳೂ ಅಲ್ಲಿ ಒಂದಾಗುತ್ತವೆ, ಜನಸಾಗರ. ಹಿಂದಿನ ದಿನ ತೊಳೆದು ಒಣಗಿಸಿದ್ದ ಆ ಹಳೆಯ ಸೀರೆ ನನ್ನ ಚೀಲದಲ್ಲೇ ಉಳಿದಿತ್ತು. ಕೊಡಬೇಕು ಅಂತ ಎತ್ತರದ ಕಟ್ಟೆ ಹತ್ತಿ ಹುಡುಕಿದೆ. ಆಗ ಹೊಳೆಯಿತು, ಅಷ್ಟು ದಿನ ಜೊತೆಗಿದ್ದು ಅವರ ಹೆಸರೇ ಕೇಳಿರಲಿಲ್ಲ. ಇದ್ದ ಒಂದೇ ಹೆಸರನ್ನು ಗಟ್ಟಿಯಾಗಿ ಕೂಗಿದೆ: "ಮಾವುಲೀ!"

ಕಣ್ಣಿಗೆ ಕಂಡವರೆಲ್ಲ ತಿರುಗಿ ನೋಡಿದರು.