ಬೀಗದ ಕೈ ಇಲ್ಲದ ಭಾನುವಾರ

ಪ್ರೀತಿಯ ಅಯ್ಯನವರೇ, ಸಭೆಯ ಹಿರಿಯರೇ, ಸ್ತ್ರೀಯರ ಕೂಟದ ಅಕ್ಕತಂಗಿಯರೇ, ಹಿಂದಿನ ಬೆಂಚುಗಳಲ್ಲಿ ಕೂತಿರುವ ಮಕ್ಕಳೇ, ಎಲ್ಲರಿಗೂ ನನ್ನ ವಂದನೆ.

ಈಸ್ಟರಿಗೆ ಮುಂಚಿನ ಶ್ರಮಕಾಲದ ಈ ಕೂಟಕ್ಕೆ ‘ಕಷ್ಟಕಾಲದಲ್ಲಿ ವಿಶ್ವಾಸ’ ಎಂಬ ವಿಷಯ ಕೊಟ್ಟಿದ್ದೀರಿ. ನಾಲ್ಕು ಮಾತು ಬರೆದುಕೊಂಡು ಬಂದಿದ್ದೇನೆ. ಹನ್ನೆರಡೂವರೆಗೆ ಊಟದ ಗಂಟೆ ಹೊಡೆಯುತ್ತದಂತೆ. ಅಡುಗೆಯ ಪರಿಮಳ ಈಗಾಗಲೇ ಬಂದು ಮುಂದಿನ ಸಾಲಿನಲ್ಲಿ ಕೂತಾಗಿದೆ. ಹಾಗಾಗಿ ಮನಸ್ಸಿನಲ್ಲಿ ಒತ್ತುತ್ತಿರುವುದನ್ನು ಮೊದಲೇ ಹೇಳಿಬಿಡುತ್ತೇನೆ.

ಕಷ್ಟ ಬಂದರೆ ವಿಶ್ವಾಸ ಗಟ್ಟಿಯಾಗುತ್ತದೆ ಎಂದು ನಾವು ಬಹಳ ಸಲೀಸಾಗಿ ಹೇಳುತ್ತೇವೆ. ಸಾವಿನ ಮನೆಯಲ್ಲಿ ಹೇಳುತ್ತೇವೆ, ಆಸ್ಪತ್ರೆಯ ಮಂಚದ ಪಕ್ಕ ನಿಂತು ಹೇಳುತ್ತೇವೆ, ಗಲ್ಫಿನ ಕೆಲಸ ಹೋಗಿ ಮನೆಗೆ ಬಂದು ಕೂತ ಹುಡುಗನ ಬೆನ್ನು ತಟ್ಟಿ ಹೇಳುತ್ತೇವೆ. ನಾನು ಇದನ್ನು ಒಪ್ಪುವುದಿಲ್ಲ. ಕಷ್ಟದಿಂದ ಮುರಿದುಹೋದವರನ್ನು ನಾನು ಕಂಡಿದ್ದೇನೆ. ನಮ್ಮ ಜೊತೆಗೇ ಸಂಡೆ ಸ್ಕೂಲಿನಲ್ಲಿ ಕೂತು ವಚನ ಬಾಯಿಪಾಠ ಹೇಳಿದವರು, ಒಂದು ಕೆಟ್ಟ ವರ್ಷ ಕಳೆದ ಮೇಲೆ ಈ ಬಾಗಿಲಿನತ್ತ ಮುಖ ಮಾಡಲಿಲ್ಲ. ಅವರ ವಿಶ್ವಾಸ ಸುಳ್ಳಾಗಿತ್ತು ಎನ್ನಲು ನನಗೆ ಬಾಯಿ ಬರುವುದಿಲ್ಲ. ಅವರು ಒಬ್ಬರೇ ಇದ್ದರು, ಅಷ್ಟೆ.

ಇಲ್ಲಿ ಮಂಗಳೂರಿನ ಜೆಪ್ಪುವಿನ ಕಡೆಯವರು ಬಹಳ ಜನ ಇದ್ದೀರಿ. ಹಂಚಿನ ವಿಷಯ ನಿಮಗೆ ಹೇಳಬೇಕಾಗಿಲ್ಲ. ಬಾಸೆಲ್ ಮಿಶನ್ ಎಂಬ ಕ್ರೈಸ್ತ ಸಂಸ್ಥೆಯ ಪ್ಲೆಬ್ಸ್ಟ್ ಎಂಬವರು 1865ರಲ್ಲಿ ಅಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿದರು. ನಮ್ಮ ಮುತ್ತಜ್ಜ ಅಲ್ಲೇ ದುಡಿದವರು. ಬೆಂಕಿಯಲ್ಲಿ ಬೆಂದು ಗಟ್ಟಿಯಾಗುವ ಹಂಚಿನ ಹಾಗೆ ವಿಶ್ವಾಸ ಎಂದು ಎಷ್ಟೋ ಪ್ರಸಂಗಗಳಲ್ಲಿ ಕೇಳಿದ್ದೇವೆ. ಆದರೆ ಹಂಚು ಮಾಡಿದವರನ್ನು ಕೇಳಿ ನೋಡಿ. ಅಚ್ಚಿನಿಂದ ತೆಗೆದ ಹಸಿ ಹಂಚನ್ನು ನೇರ ಭಟ್ಟಿಗೆ ಇಟ್ಟರೆ ಬಿರುಕು ಬಿಡುತ್ತದೆ, ಸೊಟ್ಟಗಾಗುತ್ತದೆ. ಬಿಸಿಲಲ್ಲಿ ಒಣಗಿಸಿದರೂ ಕೆಡುತ್ತದೆ. ನೆರಳಲ್ಲಿ, ಹಲಗೆಯ ಮೇಲೆ ಸಾಲಾಗಿ ಇಟ್ಟು, ಒಳಗಿನ ನೀರು ಮೆಲ್ಲಗೆ ಹೋಗಲು ಬಿಡಬೇಕು. ನೆರಳಲ್ಲಿ ಕಳೆದ ಆ ದಿನಗಳಿದ್ದರೆ ಮಾತ್ರ ಬೆಂಕಿ ಅದನ್ನು ಹಂಚು ಮಾಡುತ್ತದೆ. ಏನೂ ನಡೆಯದ ದಿನಗಳು ಅವು. ಯಾರೂ ತಿರುಗಿ ನೋಡದ ದಿನಗಳು. ನಮ್ಮ ಬದುಕಿನಲ್ಲೂ ಅಂಥ ದಿನಗಳಿವೆ: ಸಂಜೆ ದೀಪ ಹಚ್ಚಿದ ಮೇಲಿನ ಮನೆಪ್ರಾರ್ಥನೆ, ಅರ್ಥವಾಗದಿದ್ದರೂ ಬಾಯಿಪಾಠ ಮಾಡಿದ ಕೀರ್ತನೆ, ಜ್ವರ ಬಂದ ನೆರೆಮನೆಯವರಿಗೆ ಒಯ್ದುಕೊಟ್ಟ ಗಂಜಿ. ವಿಶ್ವಾಸ ಕಟ್ಟುವ ಕೆಲಸ ನಡೆಯುವುದು ಆಗ. ಕಷ್ಟ ಬಂದಾಗ ಕಟ್ಟಲು ಹೊರಟರೆ ಕೈ ನಡುಗುತ್ತದೆ.

ಇದು ಮೊದಲನೇ ಮಾತು. ನಾಲ್ಕರಲ್ಲಿ ನನಗೆ ಇದರ ಮೇಲೇ ಹೆಚ್ಚು ಮಮತೆ, ಹಾಗಾಗಿ ಇನ್ನೂ ಎರಡು ಮೂರು ಸಲ ಬಂದರೆ ಸಹಿಸಿಕೊಳ್ಳಿ.

ಎರಡನೆಯದು ಒಂದು ಶಬ್ದದ ಬಗ್ಗೆ. ನಾನು ಕನ್ನಡ ಮೇಷ್ಟ್ರು, ಶಬ್ದ ಬಿಟ್ಟು ನನಗೆ ಬದುಕಿಲ್ಲ. ರೋಮಾಪುರದವರಿಗೆ ಬರೆದ ಪತ್ರದ ಐದನೇ ಅಧ್ಯಾಯದಲ್ಲಿ ಪೌಲನು ಉಪದ್ರವದಿಂದ ತಾಳ್ಮೆ ಹುಟ್ಟುತ್ತದೆ ಎನ್ನುತ್ತಾನೆ. ಗ್ರೀಕಿನಲ್ಲಿ ಅವನು ಬಳಸಿದ ಶಬ್ದ ಹುಪೊಮೊನೆ. ‘ಕೆಳಗೆ’ ಮತ್ತು ‘ಉಳಿಯುವುದು’ ಎಂಬೆರಡು ಸೇರಿ ಆದದ್ದು. ಹೊರೆಯ ಕೆಳಗೆ ಓಡಿಹೋಗದೆ ನಿಲ್ಲುವುದು. ನಮ್ಮ ಬೈಬಲಿನಲ್ಲಿ ಅದು ‘ತಾಳ್ಮೆ’ ಆಗಿದೆ. ಎಂಥ ಶಬ್ದ ಸಿಕ್ಕಿತು ನೋಡಿ! ಕನ್ನಡದಲ್ಲಿ ‘ತಾಳು’ ಅಂದರೆ ಸುಮ್ಮನೆ ಕಾಯುವುದಷ್ಟೇ ಅಲ್ಲ. ಈ ತೊಲೆ ಮಾಡಿನ ಭಾರ ತಾಳುತ್ತದೆ ಅನ್ನುತ್ತೇವೆ. ಆ ಚಪ್ಪಲಿ ಎರಡು ಮಳೆಗಾಲ ತಾಳಿತು ಅನ್ನುತ್ತೇವೆ. ಬಸುರಿಯಾದಳು ಎನ್ನುವುದಕ್ಕೆ ಗರ್ಭ ತಾಳಿದಳು ಅನ್ನುತ್ತೇವೆ. ದೇವರ ವಾಕ್ಯ ಮನುಷ್ಯನಾದದ್ದನ್ನು ನರರೂಪ ತಾಳಿದ್ದು ಅನ್ನುತ್ತೇವೆ. ಭಾರ ಹೊರುವುದಕ್ಕೂ ಹೊಸ ಜೀವ ಹೊರುವುದಕ್ಕೂ ನಮ್ಮ ಹಿರಿಯರು ಒಂದೇ ಶಬ್ದ ಇಟ್ಟಿದ್ದಾರೆ. ‘ತಾಳಿದವನು ಬಾಳಿಯಾನು’ ಎಂಬ ಗಾದೆಯನ್ನು ನನ್ನ ಅಮ್ಮ ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದರು, ಹೆಚ್ಚಾಗಿ ನನ್ನ ತಂಗಿಗೆ. ಅವಳು ಇಲ್ಲೇ ಕೂತಿದ್ದಾಳೆ, ನಗುತ್ತಿದ್ದಾಳೆ.

ಶಬ್ದದ ಮಾತು ಬಂದಾಗ ಕಿಟ್ಟೆಲರನ್ನು ನೆನೆಯದಿದ್ದರೆ ತಪ್ಪಾಗುತ್ತದೆ. 1853ರಲ್ಲಿ ಈ ನಾಡಿಗೆ ಬಂದರು, ಕೈಹಿಡಿದ ಹೆಂಡತಿಯನ್ನು ಕಳೆದುಕೊಂಡರು, 1877ರಲ್ಲಿ ಆರೋಗ್ಯ ಕೆಟ್ಟು ತಮ್ಮ ಊರು ಜರ್ಮನಿಗೆ ಮರಳಿದರು. ಅಲ್ಲೇ ಇದ್ದುಬಿಟ್ಟಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಐವತ್ತು ದಾಟಿದ ಮೇಲೆ, 1883ರಲ್ಲಿ, ಕನ್ನಡ-ಇಂಗ್ಲಿಷ್ ನಿಘಂಟಿನ ಕೆಲಸಕ್ಕಾಗಿ ಮತ್ತೆ ಬಂದರು. ಅದು ಮಂಗಳೂರಿನಲ್ಲಿ ಅಚ್ಚಾಗಿ ಹೊರಬಂದದ್ದು 1894ರಲ್ಲಿ. ಅವರ ತಾಳ್ಮೆಗೆ ಮಾಡಲು ಕೆಲಸವಿತ್ತು. ದಿನಕ್ಕೆ ಇಷ್ಟು ಶಬ್ದ, ಮರುದಿನ ಮತ್ತೆ ಇಷ್ಟು ಶಬ್ದ. ಕೈಯಲ್ಲಿ ಕೆಲಸವಿಲ್ಲದ ತಾಳ್ಮೆ ಬೇಗ ಹುಳಿಯುತ್ತದೆ.

ಈಗ ನಮ್ಮ ಅಜ್ಜಿಯ ಕಥೆಗೆ ಬರುತ್ತೇನೆ. ಕೇಳಿದವರು ಇದ್ದೀರಿ, ಇನ್ನೊಮ್ಮೆ ಕೇಳಿ.

ಬಾಸೆಲ್ ಮಿಶನ್ನಿನ ಮೊದಲ ಮಿಶನರಿಗಳಾದ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಹಡಗಿನಿಂದ ಈ ಕರಾವಳಿಗೆ ಇಳಿದದ್ದು 1834ರಲ್ಲಿ. ಅಲ್ಲಿಂದ ಸರಿಯಾಗಿ ಎಂಬತ್ತು ವರ್ಷಕ್ಕೆ, 1914ರಲ್ಲಿ, ಯುರೋಪಿನಲ್ಲಿ ಯುದ್ಧ ಹೊತ್ತಿಕೊಂಡಿತು. ಬಾಸೆಲ್ ಸ್ವಿಟ್ಜರ್ಲೆಂಡಿನ ಊರಾದರೂ ಮಿಶನರಿಗಳಲ್ಲಿ ಹೆಚ್ಚಿನವರು ಜರ್ಮನ್ನರು. ಬ್ರಿಟಿಷ್ ಸರ್ಕಾರಕ್ಕೆ ಅವರು ರಾತ್ರಿ ಬೆಳಗಾಗುವುದರೊಳಗೆ ಶತ್ರುದೇಶದ ಪ್ರಜೆಗಳಾದರು. ಅವರನ್ನು ಅಹಮದ್‌ನಗರದ ಬಂಧನ ಶಿಬಿರಕ್ಕೆ ಒಯ್ದರು, ಮುಂದೆ ದೇಶದಿಂದಲೇ ಹೊರಗೆ ಕಳುಹಿಸಿದರು. ಹಂಚಿನ ಕಾರ್ಖಾನೆ, ನೇಯ್ಗೆಯ ಕಾರ್ಖಾನೆ ಎಲ್ಲ ಕೈತಪ್ಪಿದವು. ಯುದ್ಧ ಮುಗಿದ ಮೇಲೆ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಕಂಪನಿಯ ಪಾಲಾದವು. ನಮ್ಮವರ ಸ್ಥಿತಿ ಯೋಚಿಸಿ. ಸ್ನಾನದೀಕ್ಷೆ ಪಡೆದು ಕ್ರೈಸ್ತರಾದ ಮೇಲೆ ಮನೆ, ಜಾತಿ, ಕುಲಕಸುಬು ಬಿಟ್ಟು ಬಂದವರ ಮಕ್ಕಳು ಮೊಮ್ಮಕ್ಕಳು ಅವರು. ಹಿಂದಿನ ಬಾಗಿಲು ಯಾವತ್ತೋ ಮುಚ್ಚಿತ್ತು. ಈಗ ಮುಂದಿನದೂ ಮುಚ್ಚುವ ಹಾಗೆ ಕಂಡಿತು. ಬೋಧಿಸುತ್ತಿದ್ದವರು ಆ ಮಿಶನರಿಗಳೇ, ಸಂಬಳ ಕೊಡುತ್ತಿದ್ದವರೂ ಅವರೇ, ಕಾಯಿಲೆ ಬಿದ್ದರೆ ಮದ್ದು ಕೊಡುತ್ತಿದ್ದವರೂ ಅವರೇ.

ಅಜ್ಜಿಗೆ ಆಗ ಎಂಟೋ ಒಂಬತ್ತೋ. ಅವರ ಸಭೆಯ ಪಾದ್ರಿಯವರನ್ನು ಕರೆದೊಯ್ದ ಮೇಲಿನ ಮೊದಲ ಭಾನುವಾರ. ಗಂಟೆ ಯಾರು ಹೊಡೆದರೋ ಗೊತ್ತಿಲ್ಲ, ಆದರೆ ಹೊಡೆದರು. ಜನ ಬಂದರು. ಪಾದ್ರಿಯವರಿಗೆ ನೆರವಾಗುತ್ತಿದ್ದ ಉಪದೇಶಿಯವರು ಮುಂದೆ ಹೋಗಿ ನಿಂತರು. ಗೀತೆ ಪುಸ್ತಕಗಳಿದ್ದ ಕಪಾಟಿಗೆ ಬೀಗ. ಬೀಗದ ಕೈ ಪಾದ್ರಿಯವರ ಗೊಂಚಲಿನಲ್ಲೇ ಹೊರಟುಹೋಗಿದೆ! ಕೆಲವೊಮ್ಮೆ ಅಜ್ಜಿ ಹೇಳುವಾಗ ಕಪಾಟಿನ ಬದಲು ಹಾರ್ಮೋನಿಯಮ್ಮಿನ ಪೆಟ್ಟಿಗೆಗೆ ಬೀಗ ಬೀಳುತ್ತಿತ್ತು. ಬೀಗ ಮಾತ್ರ ಯಾವತ್ತೂ ತಪ್ಪುತ್ತಿರಲಿಲ್ಲ. ಕೆಲವು ಗಂಡಸರು ಬೀಗ ಒಡೆಯೋಣ ಅಂದರು. ಬೇರೆ ಕೆಲವರು ಬೇಡ, ಪಾದ್ರಿಯವರು ಬಂದು ಕೇಳಿದರೆ ಏನು ಹೇಳುವುದು ಅಂದರು. ಅವರು ತಿರುಗಿ ಬರುವುದಿಲ್ಲ ಎಂಬುದು ಆ ಜನಕ್ಕೆ ಇನ್ನೂ ಮನಸ್ಸಿಗೆ ಇಳಿದಿರಲಿಲ್ಲ. ಈ ಗಲಾಟೆಯ ನಡುವೆ ಹೆಂಗಸರ ಬದಿಯಿಂದ ಒಬ್ಬ ಮುದುಕಿ, ಕಾರ್ಖಾನೆಯಲ್ಲಿ ಮಣ್ಣು ಹೊರುತ್ತಿದ್ದವರು, ಅಕ್ಷರ ಬಾರದವರು, ಎದ್ದು ನಿಂತು ಕೇಳಿದರಂತೆ: “ಬೀಗದ ಕೈ ಹೋದರೆ ಬಾಯಿಯೂ ಹೋಯಿತಾ?”

ಮತ್ತೆ ಅವರೇ ಹಾಡಲು ತೊಡಗಿದರು. ಓದು ಬಾರದ ಕಾರಣ ಎಲ್ಲವನ್ನೂ ಕೇಳಿ ಕೇಳಿ ಕಲಿತವರು ಅವರು. ಓದು ಬಲ್ಲವರಿಗೆ ಎರಡನೇ ಚರಣಕ್ಕೇ ಮಾತು ನಿಂತಿತು, ಅವರ ಕಣ್ಣು ಪುಸ್ತಕಕ್ಕೆ ಒಗ್ಗಿಹೋಗಿತ್ತು. ಓದು ಬಾರದ ಹೆಂಗಸರು ಕೊನೆಯ ಚರಣದವರೆಗೂ ಹಾಡಿದರು, ಗಂಡಸರು ಅವರ ಬಾಯಿ ನೋಡಿಕೊಂಡು ಹಿಂದೆ ಹಿಂದೆ ಹೇಳಿದರು. ಮೂರನೇ ಚರಣ ಯಾವುದು, ನಾಲ್ಕನೆಯದು ಯಾವುದು ಎಂದು ಇಬ್ಬರು ಅಜ್ಜಿಯಂದಿರಿಗೆ ಜಗಳವೂ ಆಯಿತಂತೆ, ಇಬ್ಬರೂ ತಮ್ಮ ತಮ್ಮದನ್ನೇ ಗಟ್ಟಿಯಾಗಿ ಹಾಡಿದರಂತೆ. ಉಪದೇಶಿಯವರು ಆವತ್ತು ಪ್ರಸಂಗ ಮಾಡಲಿಲ್ಲ. ನಿಂತು ಅತ್ತರು. ಆಮೇಲೆ ಕರ್ತನ ಪ್ರಾರ್ಥನೆ ಹೇಳಿ ಎಲ್ಲರನ್ನೂ ಮನೆಗೆ ಕಳಿಸಿದರು.

ಆ ಕಪಾಟಿನ ಬೀಗ ಆಮೇಲೆ ಯಾರು ತೆಗೆದರು ಎಂದು ನಾನು ಅಜ್ಜಿಯನ್ನು ಎಷ್ಟು ಸಲ ಕೇಳಿದ್ದೇನೋ! “ಅದು ಯಾರಿಗೆ ಬೇಕಿತ್ತು ಮಗಾ” ಎನ್ನುತ್ತಿದ್ದರು.

ನೆರಳಲ್ಲಿ ಒಣಗಿದ ಹಂಚು ಎಂದೆನಲ್ಲ, ಅದು ಈ ಮುದುಕಿ. ಅವರು ಆ ಗೀತೆಯನ್ನು ಯುದ್ಧ ಬರುತ್ತದೆ ಎಂದು ಕಲಿತದ್ದಲ್ಲ. ಮಣ್ಣು ಹೊರುವಾಗ ಬೇಸರ ಕಳೆಯಲು ಕಲಿತದ್ದು. ಮುಂದೆ ಆ ಸಭೆಗಳ ಹೊಣೆ ನಮ್ಮ ದೇಶದ ಪಾದ್ರಿಗಳ, ಉಪದೇಶಿಗಳ, ಹಿರಿಯರ ಹೆಗಲಿಗೇ ಬಂತು. ಹೊತ್ತರು. 1947ರಲ್ಲಿ ಬೇರೆ ಬೇರೆ ಪ್ರಾಟೆಸ್ಟಂಟ್ ಸಭೆಗಳು ಕೂಡಿ ದಕ್ಷಿಣ ಭಾರತ ಸಭೆ (ಸಿ.ಎಸ್.ಐ.) ಆಗುವಾಗ ಮಂಗಳೂರಿನ ಕಡೆಯವರು ಕೈಚಾಚಿ ನಿಲ್ಲಲಿಲ್ಲ, ನಡೆದು ಅಭ್ಯಾಸವಾದ ಕಾಲಿನಲ್ಲಿ ಬಂದರು.

ಪೌಲನ ಮಾತಿಗೆ ಮತ್ತೆ ಹೋಗೋಣ. ಉಪದ್ರವದಿಂದ ತಾಳ್ಮೆ ಎಂದು ಅವನೇ ಹೇಳಿರುವಾಗ ನೀವು ಒಪ್ಪುವುದಿಲ್ಲ ಎನ್ನುವುದು ಹೇಗೆ ಎಂದು ಯಾರಾದರೂ ಕೇಳಬಹುದು. ಕೇಳಲೇಬೇಕು. ಆ ಅಧ್ಯಾಯವನ್ನು ಮೊದಲನೇ ವಚನದಿಂದ ಓದಿ. ದೇವರೊಂದಿಗೆ ಸಮಾಧಾನ ಹೊಂದಿ ಕೃಪೆಯಲ್ಲಿ ಆಗಲೇ ನಿಂತಿರುವವರಿಗೆ ಅವನು ಹೇಳುತ್ತಿರುವುದು. ಹಸಿ ಹಂಚಿಗೆ ಹೇಳಿದ್ದಲ್ಲ. ಮತ್ತು ಅವನು ಉದ್ದಕ್ಕೂ ‘ನಾವು’ ಎನ್ನುತ್ತಾನೆ, ‘ನೀನು’ ಎನ್ನುವುದಿಲ್ಲ. ಐದು ಸಲ ಒಂದು ಕಡಿಮೆ ನಲವತ್ತು ಏಟು ತಿಂದವನು, ಮೂರು ಸಲ ಹಡಗು ಒಡೆದು ನೀರಿಗೆ ಬಿದ್ದವನು ಹೇಳುವ ‘ನಾವು’ ಅದು. ಫಿಲಿಪ್ಪಿಯ ಸೆರೆಮನೆಯಲ್ಲಿ ನಡುರಾತ್ರಿ ಅವನು ಹಾಡಿದಾಗಲೂ ಪಕ್ಕದಲ್ಲಿ ಸೀಲ ಇದ್ದ. ಒಬ್ಬನೇ ಇದ್ದಿದ್ದರೆ ಹಾಡುತ್ತಿದ್ದನೋ ಏನೋ. ಕಾಲಿಗೆ ಕೋಳ ಬಿದ್ದಾಗ ಎರಡನೇ ದನಿ ಬೇಕಾಗುತ್ತದೆ.

ಮೂರನೇ ಮಾತು ಇದೇ. ಹೊತ್ತಾಗುತ್ತಿದೆ, ಆದರೂ ಇದನ್ನು ಬಿಡುವ ಹಾಗಿಲ್ಲ.

ನನ್ನ ಹೆಂಡತಿ ಕಾಯಿಲೆಯಿಂದ ಹದಿನಾಲ್ಕು ತಿಂಗಳು ಮಲಗಿದ್ದರು. ಬಹಳ ಜನ ನೋಡಲು ಬಂದರು. ದೇವರು ಪರೀಕ್ಷೆ ಮಾಡುತ್ತಿದ್ದಾರೆ ಅಂದರು. ಎಲ್ಲದಕ್ಕೂ ಒಂದು ಉದ್ದೇಶವಿದೆ ಅಂದರು. ಒಬ್ಬರು ನಿಮ್ಮ ಪ್ರಾರ್ಥನೆಯಲ್ಲಿ ಏನು ಕೊರತೆಯಿದೆ ನೋಡಿಕೊಳ್ಳಿ ಅಂದರು. ಅವರು ಹೋದ ಮೇಲೆ ನಾನು ಮೂರು ವಾರ ಪ್ರಾರ್ಥನೆಯನ್ನೇ ಮಾಡಲಿಲ್ಲ. ಕೋಪ ಅಷ್ಟಿತ್ತು. ಆ ದಿನಗಳಲ್ಲಿ ಸ್ತ್ರೀಯರ ಕೂಟದ ಒಬ್ಬ ಅಕ್ಕ ಪ್ರತಿ ಗುರುವಾರ ಬರುತ್ತಿದ್ದರು. ಮಾತಿಲ್ಲ. ನೇರ ಅಡುಗೆಮನೆಗೆ ಹೋಗಿ ಪಾತ್ರೆ ತೊಳೆದು, ಗಂಜಿಗೆ ಇಟ್ಟು, ನನ್ನವಳ ತಲೆ ಬಾಚಿ ಜಡೆ ಹಾಕುವರು. ಹೊರಡುವಾಗ “ಬರ್ತೇನೆ ಮಾಸ್ಟ್ರೇ” ಎನ್ನುವರು, ಅಷ್ಟೆ. ನಾನು ಪ್ರಾರ್ಥನೆ ಮಾಡದ ಆ ಮೂರು ವಾರ ನನ್ನ ಪಾಲಿನ ಪ್ರಾರ್ಥನೆಯನ್ನು ಅವರು ಮಾಡಿದರು ಎಂದೇ ನಾನು ತಿಳಿದಿದ್ದೇನೆ. ನನ್ನ ವಿಶ್ವಾಸ ಉಳಿದದ್ದು ನನ್ನ ಬಲದಿಂದಲ್ಲ. ಬೈಬಲಿನಲ್ಲಿ, ಎಲ್ಲವನ್ನೂ ಕಳೆದುಕೊಂಡ ಯೋಬನ ಸ್ನೇಹಿತರು ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಸುಮ್ಮನೆ ಕೂತರಲ್ಲ, ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಎಂಟನೇ ದಿನ ಬಾಯಿ ತೆರೆದರು, ಎಲ್ಲ ಕೆಟ್ಟಿತು.

ಆದ್ದರಿಂದ ಕಷ್ಟದಲ್ಲಿರುವವರ ಮನೆಗೆ ಹೋಗುವಾಗ ವಿವರಣೆ ಒಯ್ಯಬೇಡಿ. ಏನಾದರೂ ಬೇಯಿಸಿ ಒಯ್ಯಿರಿ. ಮತ್ತೆ ಹೋಗಿ. ಮೊದಲನೇ ವಾರ ಎಲ್ಲರೂ ಹೋಗುತ್ತಾರೆ, ಏಳನೇ ವಾರ ಹೋಗಿ.

ಗಡಿಯಾರ ಹನ್ನೆರಡು ಇಪ್ಪತ್ತೆಂಟು ತೋರಿಸುತ್ತಿದೆ. ನಾಲ್ಕನೇ ಮಾತಿಗೆ ಎರಡು ಹಾಳೆ ಬರೆದುಕೊಂಡು ಬಂದಿದ್ದೆ, ಮಡಚಿ ಇಡುತ್ತೇನೆ. ಸಾರ ಇಷ್ಟೇ: ಮಕ್ಕಳಿಗೆ ಸ್ತೋತ್ರದ ಕೀರ್ತನೆ ಕಲಿಸುವ ಹಾಗೆ ಗೋಳಾಟದ ಕೀರ್ತನೆಯನ್ನೂ ಕಲಿಸಿ. ಹದಿಮೂರನೆಯ ಕೀರ್ತನೆಯಲ್ಲಿ ಕೀರ್ತನೆಗಾರನು ದೇವರನ್ನು ಎಷ್ಟರವರೆಗೆ, ಎಷ್ಟರವರೆಗೆ ಎಂದು ನಾಲ್ಕು ಸಲ ಕೇಳುತ್ತಾನೆ. ಎಂಬತ್ತೆಂಟನೆಯದು ಕತ್ತಲಲ್ಲೇ ಮುಗಿಯುತ್ತದೆ, ಬೆಳಕು ಬರುವುದೇ ಇಲ್ಲ. ಅದನ್ನೂ ನಮ್ಮ ಹಿರಿಯರು ಪವಿತ್ರ ಗ್ರಂಥದಲ್ಲಿ ಉಳಿಸಿಕೊಂಡರು. ದೇವರ ಮುಂದೆ ಜಗಳ ಆಡಬಹುದು ಎಂದು ಗೊತ್ತಿರುವ ಮಗು ಸಿಟ್ಟು ಬಂದಾಗ ಮನೆ ಬಿಟ್ಟು ಹೋಗುವುದಿಲ್ಲ. ತೋಟ ಇರುವವರು ಪ್ರವಾದಿ ಹಬಕ್ಕೂಕನ ಕೊನೆಯ ಅಧ್ಯಾಯ ಓದಿ. ಅಂಜೂರ ಚಿಗುರಲಿಲ್ಲ, ದ್ರಾಕ್ಷೆಯಲ್ಲಿ ಫಲವಿಲ್ಲ, ಹಟ್ಟಿಯಲ್ಲಿ ದನವಿಲ್ಲ, ಆದರೂ ದೇವರಲ್ಲಿ ಸಂತೋಷಪಡುತ್ತೇನೆ ಎನ್ನುತ್ತಾನೆ ಅವನು. ಎಲೆಚುಕ್ಕಿ ರೋಗ ಬಂದ ಅಡಿಕೆ ತೋಟದಲ್ಲಿ ನಿಂತು ಅದನ್ನು ಗಟ್ಟಿಯಾಗಿ ಓದಿದವರೊಬ್ಬರು ಈ ಸಭೆಯಲ್ಲಿದ್ದಾರೆ. ಆ ‘ಆದರೂ’ ಹೇಳುವಷ್ಟರಲ್ಲಿ ಗಂಟಲು ಕಟ್ಟಿತು ಎಂದು ನನಗೆ ಹೇಳಿದ್ದಾರೆ.

ಗಂಟೆ ಹೊಡೆಯಿತು. ಊಟಕ್ಕೆ ಮೊದಲು ಒಂದು ಗೀತೆ ಇದೆಯಲ್ಲ. ಎಲ್ಲರೂ ಪುಸ್ತಕ ಮುಚ್ಚಿ ಬೆಂಚಿನ ಮೇಲೆ ಇಡಿ. ಮಕ್ಕಳೇ, ಮೊಬೈಲನ್ನೂ ಇಡಿ. ಅಗೋ, ಆ ಬದಿಯಲ್ಲಿ ಗೋಡೆಗೆ ಒರಗಿ ಕೂತಿರುವ ಅಜ್ಜಿ ಶುರುಮಾಡಲಿ, ನಾವು ಅವರ ಬಾಯಿ ನೋಡಿಕೊಂಡು ಹೋಗೋಣ.