ಗೆರೆ ದಾಟದ ಪಕ್: ಓವರ್‌ಟೈಮ್‌ನಲ್ಲಿ ಸೋತ ಫಿನ್ಲೆಂಡ್ ಹುಡುಗರು

[ಪರದೆ: ಬಿಳಿ ಮಂಜುಗಡ್ಡೆ. ಅಡ್ಡಲಾಗಿ ಒಂದು ಕೆಂಪು ಗೆರೆ. ಮೇಲಿಂದ ನಿಧಾನವಾಗಿ ತಿರುಗುತ್ತ ಇಳಿಯುವ ಕಪ್ಪು ಬಿಲ್ಲೆ.]

ಈ ಕಪ್ಪು ಬಿಲ್ಲೆ ನೋಡಿ. ಗಟ್ಟಿ ರಬ್ಬರ್. ಅಗಲ ಏಳೂವರೆ ಸೆಂಟಿಮೀಟರ್, ದಪ್ಪ ಎರಡೂವರೆ. ಐಸ್ ಹಾಕಿಯಲ್ಲಿ ಚೆಂಡಿನ ಬದಲು ಇರುವುದು ಇದೇ, ಪಕ್. ಇದು ಈಗ ಗೋಲಿಯನ್ನು, ಅಂದರೆ ಗೋಲ್‌ಕೀಪರನ್ನು, ದಾಟಿ ಬಂದಿದೆ. ಗಾಳಿಯಲ್ಲಿದೆ. ಪೂರ್ತಿಯಾಗಿ ಆ ಕೆಂಪು ಗೆರೆ ದಾಟಿದರೆ ಫಿನ್ಲೆಂಡ್ ಹುಡುಗರು ವಿಶ್ವ ಚಾಂಪಿಯನ್.

ದಾಟಲಿಲ್ಲ.

[ಶೀರ್ಷಿಕೆ]

ನಮಸ್ಕಾರ. ಇವತ್ತು ಮಾತಾಡುತ್ತಿರುವುದು 2022ರ ಆಗಸ್ಟ್ 20ರಂದು ಕೆನಡಾದ ಎಡ್ಮಂಟನ್‌ನಲ್ಲಿ ನಡೆದ ಪಂದ್ಯದ ಬಗ್ಗೆ. ಇಪ್ಪತ್ತು ವರ್ಷದೊಳಗಿನವರ ಐಸ್ ಹಾಕಿ ವಿಶ್ವ ಚಾಂಪಿಯನ್‌ಷಿಪ್ ಫೈನಲ್. ಕೆನಡಾ 3, ಫಿನ್ಲೆಂಡ್ 2. ಗೆದ್ದವರ ವಿಡಿಯೋಗಳು ಎಲ್ಲ ಕಡೆ ಸಿಗುತ್ತವೆ. ನನಗೆ ಸೋತವರ ಕಡೆಯಿಂದ ಈ ಪಂದ್ಯ ಹೇಳಬೇಕು ಅನಿಸಿದೆ. ಯಾಕೆಂದರೆ ಇದನ್ನು ನೋಡಿದಾಗಲೆಲ್ಲ ಸೋತ ತಂಡದವರು ಏನು ತಪ್ಪು ಮಾಡಿದರು ಅಂತ ಹುಡುಕುತ್ತೇನೆ. ಸಿಗುವುದಿಲ್ಲ.

ಮೊದಲು ಸ್ವಲ್ಪ ಹಿನ್ನೆಲೆ. ಈ ಟೂರ್ನಿ ಸಾಮಾನ್ಯವಾಗಿ ಕ್ರಿಸ್‌ಮಸ್ ಮರುದಿನ ಶುರುವಾಗಿ ಹೊಸ ವರ್ಷದ ಮೊದಲ ವಾರದಲ್ಲಿ ಮುಗಿಯುತ್ತದೆ. 2021ರ ಡಿಸೆಂಬರ್ 26ರಂದೂ ಶುರುವಾಯಿತು. ಮೂರೇ ದಿನದ ಮೇಲೆ, 29ಕ್ಕೆ, ಕೋವಿಡ್‌ನಿಂದಾಗಿ ಅರ್ಧಕ್ಕೇ ನಿಂತಿತು. ಹುಡುಗರು ಚೀಲ ಕಟ್ಟಿಕೊಂಡು ಮನೆಗೆ ಹೋದರು. ಆಮೇಲೆ ಆಗಸ್ಟ್‌ನಲ್ಲಿ ಮೊದಲಿಂದ ಮತ್ತೆ ಆಡಿಸಿದರು. ಹೊರಗೆ ಬೇಸಿಗೆ, ಒಳಗೆ ಮಂಜುಗಡ್ಡೆ. ತಂಡದಲ್ಲಿದ್ದ ದೊಡ್ಡ ಹುಡುಗರಿಗೆ ಇದೇ ಕೊನೆಯ ಅವಕಾಶ. ಮುಂದಿನ ಬಾರಿ ವಯಸ್ಸು ದಾಟಿರುತ್ತದೆ.

ಗುಂಪಿನ ಹಂತದಲ್ಲಿ ಕೆನಡಾ ಇದೇ ಫಿನ್ಲೆಂಡನ್ನು 6–3ರಿಂದ ಸೋಲಿಸಿತ್ತು. ಫೈನಲ್ ಕೂಡ ಅದೇ ದಾರಿ ಹಿಡಿದಂತೆ ಕಂಡಿತು. ಕೆನಡಾದ ಜೋಶುವಾ ರಾಯ್ ಒಂದು ಗೋಲು, ವಿಲಿಯಂ ಡುಫೂರ್ ಇನ್ನೊಂದು. ಎರಡು ಪೀರಿಯಡ್ ಮುಗಿದಾಗ 2–0. ಉಳಿದದ್ದು ಇಪ್ಪತ್ತು ನಿಮಿಷ. ಗ್ಯಾಲರಿ ಎದುರಾಳಿಯದು.

ಮೂರನೇ ಪೀರಿಯಡ್‌ನಲ್ಲಿ ಫಿನ್ಲೆಂಡ್‌ನ ಅಲೆಕ್ಸಿ ಹೆಯ್ಮೊಸಾಲ್ಮಿ ಒಂದು ಗೋಲು ಹೊಡೆದ. ಆಮೇಲೆ ಯೋಆಕಿಮ್ ಕೆಮೆಲ್. 2–2!

[ಪರದೆ: ರಿಂಕ್‌ನ ನಕ್ಷೆ. ಎರಡೂ ಕಡೆ ಐದೈದು ಚುಕ್ಕಿ. ಒಂದೊಂದಾಗಿ ಎರಡೆರಡು ಚುಕ್ಕಿ ಅಳಿಸಿಹೋಗುತ್ತವೆ.]

ಈಗ ಓವರ್‌ಟೈಮ್, ಅಂದರೆ ಸ್ಕೋರ್ ಸಮವಾದಾಗ ಆಡಿಸುವ ಹೆಚ್ಚುವರಿ ಆಟ. ಇಲ್ಲಿ ಸ್ವಲ್ಪ ನಿಲ್ಲೋಣ, ಪೂರ್ತಿ ಕತೆ ಇರುವುದೇ ಇಲ್ಲಿ.

ಮಾಮೂಲಿ ಆಟದಲ್ಲಿ ಗೋಲಿ ಬಿಟ್ಟು ಒಂದೊಂದು ಕಡೆ ಐದು ಜನ ಇರುತ್ತಾರೆ. ಈ ಟೂರ್ನಿಯ ಓವರ್‌ಟೈಮ್‌ನಲ್ಲಿ ಮೂರೇ ಜನ. ರಿಂಕ್ ಮಾತ್ರ ಅಷ್ಟೇ ದೊಡ್ಡದು, ಸುಮಾರು 61 ಮೀಟರ್ ಉದ್ದ, 26 ಮೀಟರ್ ಅಗಲ. ಕಬಡ್ಡಿ ನೋಡುವವರಿಗೆ ಇದು ಬೇಗ ಅರ್ಥವಾಗುತ್ತದೆ. ಅಂಕಣದಲ್ಲಿ ಮೂರೇ ಜನ ಉಳಿದಾಗ ರೈಡರ್‌ಗೆ ಎಷ್ಟು ಜಾಗ ಕಾಣುತ್ತದೆ, ಅಲ್ವಾ? ಇಲ್ಲಿ ಎರಡೂ ತಂಡಕ್ಕೂ ಒಟ್ಟಿಗೇ ಆ ಸ್ಥಿತಿ.

ಒಂದು ಗೋಲು ಬಿದ್ದರೆ ಅಲ್ಲಿಗೆ ಪಂದ್ಯ ಮುಗಿಯಿತು, ಉತ್ತರ ಕೊಡಲು ಅವಕಾಶವೇ ಇಲ್ಲ. ಹಾಗಂತ ಹಿಂದೆ ನಿಂತು ಕಾಯುತ್ತ ಕೂತರೆ ಪಕ್ ಎದುರಾಳಿಯ ಹತ್ತಿರವೇ ಉಳಿಯುತ್ತದೆ. ಹಾಗಾಗಿ ಮೂವರೂ ಮುನ್ನುಗ್ಗಲೇಬೇಕು. ಮುನ್ನುಗ್ಗಿ ಹೊಡೆದದ್ದು ಗೋಲಾಗದಿದ್ದರೆ ಹಿಂದೆ ನಿಮ್ಮ ಗೋಲಿ ಒಬ್ಬನೇ. ಗೆಲುವಿಗೆ ಅತಿ ಹತ್ತಿರ ಹೋದ ಕ್ಷಣದಲ್ಲೇ ಸೋಲಿಗೂ ಅಷ್ಟೇ ಹತ್ತಿರ ಇರುತ್ತೀರಿ. ಬೇರೆ ಯಾವ ಆಟದಲ್ಲೂ ನನಗೆ ಇದು ಇಷ್ಟು ಸ್ಪಷ್ಟವಾಗಿ ಕಂಡಿಲ್ಲ.

ಇನ್ನೊಂದು ಮಾತು. 2017ರಲ್ಲಿ ಮಾಂಟ್ರಿಯಲ್‌ನ ಫೈನಲ್ ಶೂಟೌಟ್‌ಗೆ ಹೋಗಿತ್ತು. ಒಬ್ಬೊಬ್ಬರೇ ಬಂದು ಹೊಡೆಯುವುದು. ಅಮೆರಿಕ ಅಲ್ಲಿ ಕೆನಡಾವನ್ನು 5–4ರಿಂದ ಸೋಲಿಸಿತು. ಎಡ್ಮಂಟನ್ ಹೊತ್ತಿಗೆ ಫೈನಲ್‌ಗೆ ಶೂಟೌಟ್ ಇರಲಿಲ್ಲ. ಗೋಲು ಬೀಳುವ ತನಕ ಆಡುತ್ತಲೇ ಇರಬೇಕು. ಇದು ಒಳ್ಳೆಯ ನಿಯಮ. ಫೈನಲನ್ನು ತಂಡವೇ ಗೆಲ್ಲಬೇಕು, ತಂಡವೇ ಸೋಲಬೇಕು.

[ಪರದೆ: ಗೋಲಿನ ಹಿಂದಿನ ಕೋನದಿಂದ ಚಿತ್ರ. ನಿಧಾನಗತಿ.]

ಈಗ ಆ ಪಕ್‌ಗೆ ವಾಪಸ್ ಬರೋಣ. ಹೊಡೆದವನು ಟೋಪಿ ನಿಯೆಮೆಲಾ. ಅವನು ಡಿಫೆನ್ಸ್ ಆಟಗಾರ, ಗಮನಿಸಿ. ಮೂರೇ ಜನ ಇದ್ದಾಗ ಕಾಯುವವನೂ ಗೋಲು ಹುಡುಕಿಕೊಂಡು ಹೋಗುತ್ತಾನೆ. ಕೆನಡಾದ ಗೋಲಿ ಡಿಲನ್ ಗರಾಂಡ್‌ನನ್ನು ದಾಟಿ ಪಕ್ ಮೇಲಕ್ಕೆ ಚಿಮ್ಮಿತು. ಗೋಲಿನೊಳಗೆ ಇಳಿಯತೊಡಗಿತು. ಅಷ್ಟರಲ್ಲಿ ಕೆನಡಾದ ನಾಯಕ ಮೇಸನ್ ಮ್ಯಾಕ್‌ಟ್ಯಾವಿಶ್ ಅಲ್ಲಿ ಬಂದು ನಿಂತಿದ್ದ. ಪಕ್ ಇನ್ನೂ ಗಾಳಿಯಲ್ಲಿರುವಾಗಲೇ ಸ್ಟಿಕ್‌ನಿಂದ ಹೊರಗೆ ತಳ್ಳಿಬಿಟ್ಟ. ಗೆರೆಯ ಮೇಲೇ!

ಪಕ್‌ನ ಒಂದು ಚೂರು ಗೆರೆಯ ಮೇಲಿದ್ದರೂ ಗೋಲಲ್ಲ. ನಿಯಮ ಅಷ್ಟು ಕಟ್ಟುನಿಟ್ಟು. ನಿಯೆಮೆಲಾ ಮಾಡಬೇಕಾದದ್ದನ್ನೆಲ್ಲ ಮಾಡಿದ್ದ.

ಸ್ವಲ್ಪ ಹೊತ್ತಿಗೇ ಆಟ ಇನ್ನೊಂದು ತುದಿಗೆ ಹೋಯಿತು. ಲೋಗನ್ ಸ್ಟಾಂಕೋವನ್ ಪಾಸ್ ಕೊಟ್ಟ, ಕೆಂಟ್ ಜಾನ್ಸನ್ ಹೊಡೆದ. ಫಿನ್ಲೆಂಡ್ ಗೋಲಿ ಯುಹಾ ಯಾಟ್ಕೊಲಾ ತಡೆದ. ಹೌದು, ಮೊದಲ ಹೊಡೆತವನ್ನು ತಡೆದ. ಪಕ್ ಪುಟಿದು ಮತ್ತೆ ಜಾನ್ಸನ್‌ನ ಸ್ಟಿಕ್‌ಗೇ ಬಂತು. ಎರಡನೆಯದು ಒಳಗೆ ಹೋಯಿತು. ಓವರ್‌ಟೈಮ್ ಶುರುವಾಗಿ 3 ನಿಮಿಷ 20 ಸೆಕೆಂಡ್.

ಒಂದು ಕಡೆ ಹೆಲ್ಮೆಟ್, ಗ್ಲೌಸ್ ಎಲ್ಲ ಗಾಳಿಯಲ್ಲಿ. ಇನ್ನೊಂದು ಕಡೆ ಇಪ್ಪತ್ತರ ಆಸುಪಾಸಿನ ಹುಡುಗರು.

[ಪರದೆ: ವರ್ಷಗಳು ಒಂದೊಂದಾಗಿ. 1998. 2014. 2016.]

ಫಿನ್ಲೆಂಡ್‌ಗೆ ಓವರ್‌ಟೈಮ್ ಹೊಸದೇನಲ್ಲ. 1998ರಲ್ಲಿ ಹೆಲ್ಸಿಂಕಿಯಲ್ಲಿ ರಷ್ಯಾವನ್ನು ಸೋಲಿಸಿ ಚಿನ್ನ ಗೆದ್ದದ್ದು ಓವರ್‌ಟೈಮ್‌ನಲ್ಲಿ. 2014ರಲ್ಲಿ ಸ್ವೀಡನ್ ನೆಲದಲ್ಲೇ ಸ್ವೀಡನ್ನನ್ನು ಸೋಲಿಸಿದ್ದೂ ಓವರ್‌ಟೈಮ್‌ನಲ್ಲಿ. 2016ರಲ್ಲಿ ಮತ್ತೆ ಹೆಲ್ಸಿಂಕಿ, ಮತ್ತೆ ರಷ್ಯಾ, ಮತ್ತೆ ಓವರ್‌ಟೈಮ್. ಐವತ್ತೈದು ಲಕ್ಷದಷ್ಟು ಜನರ ದೇಶ ಅದು. ನಮ್ಮ ಬೆಂಗಳೂರಿಗಿಂತ ಕಡಿಮೆ ಜನ.

ಇನ್ನು 2025. ಒಟ್ಟಾವಾ. ಅದೇ ಟೂರ್ನಿ, ಹೊಸ ಹುಡುಗರು. ಗುಂಪಿನಲ್ಲಿ ಅಮೆರಿಕವನ್ನು ಓವರ್‌ಟೈಮ್‌ನಲ್ಲಿ 4–3ರಿಂದ ಸೋಲಿಸಿದರು. ಸೆಮಿಫೈನಲ್‌ನಲ್ಲಿ ಸ್ವೀಡನ್ನನ್ನು ಓವರ್‌ಟೈಮ್‌ನಲ್ಲಿ, ಅದೂ 4–3. ಫೈನಲ್‌ನಲ್ಲಿ ಮತ್ತೆ ಅಮೆರಿಕ. ಫಿನ್ಲೆಂಡ್ 3–1 ಮುಂದಿತ್ತು. ಅಮೆರಿಕ ಸಮ ಮಾಡಿತು. ಓವರ್‌ಟೈಮ್‌ನ ಒಂಬತ್ತನೇ ನಿಮಿಷದಲ್ಲಿ ಟೆಡ್ಡಿ ಸ್ಟಿಗಾ ಗೋಲು ಹೊಡೆದ. 4–3. ಎರಡು ಸಲ ಕೈಹಿಡಿದ ಅದೇ ಸ್ಕೋರ್, ಮೂರನೇ ಸಲ ಬೆನ್ನು ತಿರುಗಿಸಿತು. ಟೂರ್ನಿಯ ಅತ್ಯುತ್ತಮ ಗೋಲಿ ಎಂದು ಆಯ್ಕೆಯಾದವನು ಸೋತ ತಂಡದ ಪೆಟ್ಟೆರಿ ರಿಂಪಿನೆನ್.

ಎಡ್ಮಂಟನ್‌ನ ಆ ಕ್ಷಣದ ವಿಡಿಯೋ ಸಿಕ್ಕರೆ ಒಂದು ಸಲ ನೋಡಿ. ಎಲ್ಲರೂ ಮ್ಯಾಕ್‌ಟ್ಯಾವಿಶ್‌ನ ಸ್ಟಿಕ್ ನೋಡುತ್ತಾರೆ. ನೀವು ಮೂರು ಸೆಕೆಂಡ್ ಹಿಂದೆ ಹೋಗಿ, ನಿಯೆಮೆಲಾ ಹೊಡೆದ ಶಾಟ್ ನೋಡಿ. ಎಷ್ಟು ಚೆನ್ನಾಗಿ ಹೊಡೆದಿದ್ದಾನೆ ಅಂತ ನೋಡಿ.

[ಪರದೆ: ಕೆಂಪು ಗೆರೆ. ಅದರ ಮೇಲೆ ಗಾಳಿಯಲ್ಲಿ ನಿಂತ ಪಕ್.]