ಕಾಲಲ್ಲೊಂದು ಸಾಕ್ಸ್, ಕೈಯಲ್ಲೊಂದು

ಕೇಳುಗರಿಗೆ ನಮಸ್ಕಾರ.

ನನ್ನ ಮಗಳು ಹತ್ತನೇ ಕ್ಲಾಸಿನಲ್ಲಿದ್ದಾಗ ಬೆಳಗ್ಗೆ ಆರೂವರೆಗೇ ವ್ಯಾನ್ ಬರುತ್ತಿತ್ತು. ಒಂದು ಕಾಲಿಗೆ ಸಾಕ್ಸ್ ಹಾಕಿಕೊಂಡು, ಇನ್ನೊಂದನ್ನು ಕೈಯಲ್ಲಿ ಹಿಡಿದೇ ಕುರ್ಚಿಯಲ್ಲಿ ತೂಕಡಿಸುತ್ತಿದ್ದಳು. "ರಾತ್ರಿ ಬೇಗ ಮಲಗೋಕೆ ಏನು ಕಷ್ಟ ನಿನಗೆ?" ಅಂತ ದಿನಾ ಬೈಯುತ್ತಿದ್ದೆ. "ಹತ್ತಕ್ಕೇ ಮಲಗಿದೀನಮ್ಮ, ನಿದ್ದೆ ಬರಲ್ಲ" ಅನ್ನುತ್ತಿದ್ದಳು. ನಾನು ನಂಬುತ್ತಿರಲಿಲ್ಲ.

ನಂಬಬೇಕಿತ್ತು. ಹದಿಹರೆಯದಲ್ಲಿ ದೇಹದೊಳಗಿನ ಗಡಿಯಾರವೇ ತಡವಾಗಿ ಓಡತೊಡಗುತ್ತದೆ. ನಿದ್ದೆಯ ಹೊತ್ತಾಯಿತು ಎಂದು ದೇಹಕ್ಕೆ ತಿಳಿಸುವ ಮೆಲಟೋನಿನ್ ರಾತ್ರಿ ತಡವಾಗಿ ಏರುತ್ತದೆ, ಬೆಳಗ್ಗೆ ತಡವಾಗಿ ಇಳಿಯುತ್ತದೆ. ಎಷ್ಟೋ ಮಕ್ಕಳಿಗೆ ಹನ್ನೊಂದರವರೆಗೆ ಕಣ್ಣು ಹತ್ತುವುದೇ ಇಲ್ಲ. ಈ ವಯಸ್ಸಿಗೆ ಬೇಕಾದ್ದು 8ರಿಂದ 10 ಗಂಟೆ ನಿದ್ದೆ. ಐದೂವರೆಗೆ ಎಬ್ಬಿಸಿದರೆ ಎಲ್ಲಿಂದ ಸಿಗಬೇಕು, ಹೇಳಿ?

ಅಮೆರಿಕದ ಕೆಲವು ಕಡೆ ಶಾಲೆಯ ಸಮಯ ಬದಲಿಸಿದ್ದು ಇದೇ ಕಾರಣಕ್ಕೆ. ಮಿನ್ನಿಯಾಪೊಲಿಸ್ ನಗರ 1997ರಲ್ಲೇ ಹೈಸ್ಕೂಲನ್ನು 7:15ರ ಬದಲು 8:40ಕ್ಕೆ ಶುರು ಮಾಡಿತು. ಅಷ್ಟು ಬೇಗ ಯಾಕೆ ಶುರುವಾಗುತ್ತಿತ್ತು ಅಂತೀರಾ? ಅಲ್ಲಿ ಎಷ್ಟೋ ಊರುಗಳಲ್ಲಿ ಒಂದೇ ಬಸ್ಸು ಮೊದಲು ದೊಡ್ಡ ಮಕ್ಕಳನ್ನು ಇಳಿಸಿ, ಆಮೇಲೆ ಚಿಕ್ಕವರನ್ನು ಕರೆತರಬೇಕು. ಬಸ್ಸಿನ ಅನುಕೂಲಕ್ಕೆ ಮಕ್ಕಳ ನಿದ್ದೆ ಹೋಗುತ್ತಿತ್ತು! 2014ರಲ್ಲಿ ಅಲ್ಲಿನ ಮಕ್ಕಳ ವೈದ್ಯರ ಅಕಾಡೆಮಿ, ಎಂಟೂವರೆಗಿಂತ ಮುಂಚೆ ತರಗತಿ ಬೇಡ ಎಂದಿತು. 2022ರಿಂದ ಕ್ಯಾಲಿಫೋರ್ನಿಯಾದ ಹೈಸ್ಕೂಲುಗಳಿಗೆ ಅದು ಕಾನೂನೇ ಆಯಿತು.

"ಶಾಲೆ ತಡ ಮಾಡಿದರೆ ಇವರು ಇನ್ನೂ ತಡವಾಗಿ ಮಲಗ್ತಾರೆ ಅಷ್ಟೆ" ಅನ್ನುವವರು ಎಲ್ಲ ಕಡೆ ಇದ್ದಾರೆ. ಸಿಯಾಟಲ್ ನಗರ 2016ರಲ್ಲಿ ಹೈಸ್ಕೂಲಿನ ಸಮಯವನ್ನು 7:50ರಿಂದ 8:45ಕ್ಕೆ ತಂದಾಗ, ಎರಡು ಶಾಲೆಗಳ ಮಕ್ಕಳ ಕೈಗೆ ವಾಚಿನಂಥ ಸಾಧನ ಕಟ್ಟಿ ನೋಡಿದರು. ಮಕ್ಕಳು ದಿನಕ್ಕೆ ಸುಮಾರು 34 ನಿಮಿಷ ಜಾಸ್ತಿ ನಿದ್ದೆ ಮಾಡಿದ್ದರು.

ಶಾಲೆ ತಡವಾಗಿ ಶುರುವಾದರೆ ಸಂಜೆಯ ಆಟ, ಅಪ್ಪ ಅಮ್ಮನ ಆಫೀಸಿನ ಹೊತ್ತು ಎಲ್ಲ ಏರುಪೇರಾಗುತ್ತದೆ, ನಿಜ. 2023ರಲ್ಲಿ ಬೆಂಗಳೂರಿನಲ್ಲೂ ಶಾಲೆಯ ಸಮಯ ಬದಲಿಸುವ ಚರ್ಚೆ ಎದ್ದಿತ್ತು. ಅದಕ್ಕೆ ಕಾರಣ ಮಾತ್ರ ಟ್ರಾಫಿಕ್.

ನನ್ನ ತಂಗಿಯ ಮಗನಿಗೆ ಈಗ ಒಂಬತ್ತನೇ ಕ್ಲಾಸು. ಅವನ ವ್ಯಾನೂ ಆರೂವರೆಗೇ. ಈ ಶನಿವಾರ ಅವರ ಶಾಲೆಯಲ್ಲಿ ಪಾಲಕರ ಸಭೆ ಇದೆ. ಮೊದಲ ಪೀರಿಯಡನ್ನು ಅರ್ಧ ಗಂಟೆಯಾದರೂ ಮುಂದಕ್ಕೆ ಹಾಕಿ ಅಂತ ಕೇಳಲು ಅವಳ ಜೊತೆ ನಾನೂ ಹೋಗುತ್ತಿದ್ದೇನೆ.

ನಮಸ್ಕಾರ.